ಲಘುವೋ ಗುರುವೋ

ಕನ್ನಡ ಎಂ.ಎ. ಮಾಡಿದವನ ಬಳಿಗೆ ಜನ ಯಾವ ಯಾವ ಕಾರ್ಯಕ್ಕೆ ಬರುತ್ತಾರೆ ಎಂಬುದಕ್ಕೆ ಒಂದು ಪಟ್ಟಿಯೇ ಉಂಟು. ಮಗುವಿಗೆ ಹೆಸರು ಸೂಚಿಸಬೇಕು. ಲಗ್ನಪತ್ರಿಕೆಯ ಒಕ್ಕಣೆ ತಿದ್ದಬೇಕು. ನಿವೃತ್ತರಾಗುವ ಹೆಡ್‌ಮಾಸ್ತರಿಗೆ ಬಿನ್ನವತ್ತಳೆ ಬರೆಯಬೇಕು. ಮೋಟಾರು ಎಂಜಿನ್ನಿನ ವಿಷಯದಲ್ಲಿ ಕನ್ನಡ ಅಧ್ಯಾಪಕನ ಅಭಿಪ್ರಾಯ ಕೇಳಿದವನನ್ನು ನಾನು ಕಂಡದ್ದು ಒಬ್ಬನನ್ನೇ. ಅವನು ನನ್ನ ತಮ್ಮ. ಅವನು ಕೇಳಿದ್ದೂ ನನ್ನ ಪಾಂಡಿತ್ಯದ ಮೇಲಿನ ಗೌರವದಿಂದಲ್ಲ. ಹಿರಿಯ ಮಗನ ಒಪ್ಪಿಗೆಯಿಲ್ಲದೆ ಭೇರ್ಯದ ನಮ್ಮ ಆಲೆಮನೆಯಲ್ಲಿ ನಿಂತಿರುವ ತಂದೆಯವರ ಎಂಜಿನ್ನನ್ನು ಗುಜರಿಗೆ ಹಾಕುವಂತಿರಲಿಲ್ಲ, ಅದೇ ಕಾರಣ.

ವಿಷಯ ಇಷ್ಟು. ತಮ್ಮನ ಬಳಿ ಒಂದು ಹಳೆಯ ಫಿಯಟ್ ಪಾಲಿಯೊ ಇದೆ. 2001ರಲ್ಲಿ ನಮ್ಮ ದೇಶದ ಪೇಟೆಗೆ ಬಂದ ಮಾದರಿ, 1.6 ಲೀಟರಿನ ಎಂಜಿನ್ನು. ಸುಮಾರು 100 ಅಶ್ವಶಕ್ತಿ. ಅದು ಸ್ಪೋರ್ಟ್ಸ್ ಕಾರು ಎಂಬುದು ಅವನ ವಾದ. ಅದಕ್ಕೆ ನಾಲ್ಕು ಬಾಗಿಲುಗಳಿವೆ, ಹಿಂದಿನ ಸೀಟಿನಲ್ಲಿ ತಾಯಿಯವರ ದಿಂಬು ಇದೆ, ಡಿಕ್ಕಿಯಲ್ಲಿ ಸಾಮಾನ್ಯವಾಗಿ ಅರ್ಧ ಮೂಟೆ ಅಕ್ಕಿ ಇರುತ್ತದೆ ಎಂದು ನಾನು ಹೇಳಿದರೆ, ‘ಎಂಜಿನ್ನು ನೋಡಬೇಕಣ್ಣ, ಡಿಕ್ಕಿಯನ್ನಲ್ಲ’ ಎನ್ನುತ್ತಾನೆ. ಮೈಸೂರಿನ ಲಲಿತಮಹಲಿನ ಬಳಿಯ ಹೆಲಿಪ್ಯಾಡ್ ಬಯಲಿನಲ್ಲಿ ಮಣ್ಣುಹಾದಿಯ ಕಾರೋಟ ನಡೆದಾಗ ಅವನೂ ಶಿರಸ್ತ್ರಾಣ ಧರಿಸಿ ಧೂಳೆಬ್ಬಿಸಿ ಬಂದವನೇ. ಅದರ ಫಲವಾಗಿಯೋ, ವಯಸ್ಸಿನಿಂದಲೋ, ಕ್ಲಚ್ಚು ಸವೆಯಿತು. ಕ್ಲಚ್ಚು ಬದಲಿಸಲು ಗೇರುಪೆಟ್ಟಿಗೆ ಇಳಿಯಬೇಕು. ಅದು ಇಳಿದ ಮೇಲೆ ಹಿಂದಿರುವ ಫ್ಲೈವೀಲು ತಾನಾಗಿ ಕೈಗೆ ಸಿಗುತ್ತದೆ. ಈ ಸುಸಂಧಿಯಲ್ಲಿ ಅದನ್ನೂ ತೆಗೆದು ಹಗುರವಾದದ್ದೊಂದನ್ನು ತರಿಸಿ ಹಾಕಿಬಿಡೋಣ ಎಂಬುದು ಅವನ ಆಲೋಚನೆ. ಹಣಕ್ಕೆ ದಾರಿಯನ್ನೂ ಅವನೇ ಕಂಡುಹಿಡಿದಿದ್ದ. ತಂದೆಯವರ ಎಂಜಿನ್ನಿಗೆ ಎರಡು ಕಬ್ಬಿಣದ ಗಾಲಿಗಳಿವೆ. ತೂಕದ ಮೇಲೆ ಮಾರಿದರೆ ಸಾಕು. ಅಂದರೆ ವಾಚಕರೇ, ಎರಡು ಭಾರವಾದ ಫ್ಲೈವೀಲುಗಳನ್ನು ಮಾರಿ ಒಂದು ಹಗುರವಾದ ಫ್ಲೈವೀಲನ್ನು ಕೊಳ್ಳುವ ವ್ಯಾಪಾರ!

ಹೆಸರಿನಲ್ಲಿ ಹಾರುವ ಮಾತಿದ್ದರೂ ಫ್ಲೈವೀಲು ಎಂಜಿನ್ನಿನಲ್ಲಿ ತೂಕಕ್ಕಾಗಿಯೇ ಇಟ್ಟಿರುವ ವಸ್ತು. ಗತಿಪಾಲಕ ಚಕ್ರವೆಂಬ ಕನ್ನಡದ ಹೆಸರು ಅದರ ಧರ್ಮವನ್ನು ಇನ್ನೂ ಚೆನ್ನಾಗಿ ಹೇಳುತ್ತದೆ. ನಮ್ಮ ಹೆಂಗಸರು ಅದನ್ನು ಶತಮಾನಗಳಿಂದ ಬಲ್ಲರು. ರಾಗಿ ಬೀಸುವ ಕಲ್ಲಿನ ಮೇಲ್ಭಾಗ ಅದೇ ತಾನೆ? ಕೈ ಒಂದೇ ಮಗ್ಗುಲಲ್ಲಿ ಬಲವಾಗಿ ನೂಕುತ್ತದೆ. ಮಿಕ್ಕ ಸುತ್ತನ್ನು ಕಲ್ಲು ತನ್ನ ಭಾರದಿಂದಲೇ ಮುಗಿಸಿಕೊಡುತ್ತದೆ. ಕುಂಬಾರನ ತಿಗುರಿಯೂ ಹಾಗೆಯೆ. ಕೋಲಿನಿಂದ ನಾಲ್ಕು ಸಲ ತಿರುಗಿಸಿಬಿಟ್ಟರೆ ಮಡಕೆಯ ಕಂಠ ಮೂಡುವವರೆಗೆ ಅದು ಸುತ್ತುತ್ತಿರುತ್ತದೆ.

ತಂದೆಯವರ ಎಂಜಿನ್ನು ಲಿಸ್ಟರ್ ಮಾದರಿಯದು. ಮೂಲ ಇಂಗ್ಲೆಂಡಿನದಾದರೂ, ಅದನ್ನು ಅನುಕರಿಸಿ ರಾಜಕೋಟೆಯಲ್ಲಿ ತಯಾರಾದವು ನಮ್ಮ ನಾಡಿನ ಅಕ್ಕಿ ಗಿರಣಿಗಳಿಗೂ ಆಲೆಮನೆಗಳಿಗೂ ಬಂದು ನೆಲೆಸಿದವು. ಒಂದೇ ಸಿಲಿಂಡರು, 6 ಅಶ್ವಶಕ್ತಿ, ನಿಮಿಷಕ್ಕೆ 650 ಸುತ್ತು. ಇಂಥ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದು ಸಲ ಮಾತ್ರ ಎಣ್ಣೆ ಉರಿದು ಬಲ ಬರುತ್ತದೆ. ಉಳಿದ ಮೂರು ಹೊಡೆತಗಳಲ್ಲಿ, ಎಂದರೆ ಹೊಗೆ ಹೊರಹಾಕುವಾಗ, ಗಾಳಿ ಎಳೆಯುವಾಗ, ಅದನ್ನು ಒತ್ತುವಾಗ, ಅದಕ್ಕೆ ಸ್ವಂತ ಸಂಪಾದನೆ ಇಲ್ಲ. ಗಾಲಿ ಕೂಡಿಟ್ಟದ್ದನ್ನು ಸಾಲ ಪಡೆದು ಜೀವಿಸುತ್ತದೆ. ಅದನ್ನು ಹೊರಡಿಸುವ ಕ್ರಮ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ತಂದೆಯವರು ಮೇಲಿನ ಸಣ್ಣ ಹಿಡಿಯನ್ನೆತ್ತಿ ಒಳಗಿನ ಒತ್ತಡ ಬಿಡಿಸಿ, ಕೈಯಿಂದ ಗಾಲಿಯನ್ನು ತಿರುಗಿಸತೊಡಗುವರು. ಮೊದಲು ಪರ್ವತದಂತಿದ್ದ ಗಾಲಿ ಮೆಲ್ಲಮೆಲ್ಲನೆ ಒಲಿಯುವುದು. ವೇಗ ಕೂಡಿದೊಡನೆ ಹಿಡಿಯನ್ನು ಕೆಳಗೆ ಬೀಳಿಸಿದರೆ ‘ಡುಗ್’ ಎಂದು ಎಂಜಿನ್ನು ಮಾತನಾಡುವುದು. ಕಬ್ಬಿನ ಜಲ್ಲೆಗಳ ದಪ್ಪನೆಯ ಹಿಡಿಯೊಂದು ಗಾಣಕ್ಕೆ ಸಿಕ್ಕಿದರೂ ಆ ಗಾಲಿಗಳ ದೆಸೆಯಿಂದ ಅದು ಉಸಿರು ಕಟ್ಟುತ್ತಿರಲಿಲ್ಲ.

ಹಾಗಾದರೆ ತಮ್ಮನ ಬಯಕೆ ಅವಿವೇಕವೇ? ಖಂಡಿತ ಅಲ್ಲ. ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೊಬ್ಬರು ಕಾಫಿ ಕುಡಿಯುತ್ತ ಈ ಲೆಕ್ಕವನ್ನು ನನಗೆ ಬಿಡಿಸಿ ಹೇಳಿದರು. ಪಾಲಿಯೊವಿಗೆ ನಾಲ್ಕು ಸಿಲಿಂಡರುಗಳು. ಪ್ರತಿ ಅರ್ಧ ಸುತ್ತಿಗೂ ಯಾವುದೋ ಒಂದು ಉರಿಯುತ್ತಿರುತ್ತದೆ. ಆದ್ದರಿಂದ ಅದಕ್ಕೆ ಸಾಲ ಬೇಕಾದದ್ದು ಕಡಿಮೆ. ಕಾರು ಮುಂದಕ್ಕೆ ನೆಗೆಯುವಾಗಲೆಲ್ಲ ಎಂಜಿನ್ನು ಕಾರನ್ನು ಮಾತ್ರವಲ್ಲ, ಈ ಗಾಲಿಯನ್ನೂ ವೇಗಕ್ಕೇರಿಸಬೇಕು. ಗಾಲಿಯಿಂದ 3 ಕಿಲೋ ಇಳಿಸಿದೆವೆನ್ನಿ, ಆ ತೂಕ ನಡುವಿನಿಂದ 11 ಸೆಂಟಿಮೀಟರು ದೂರದಲ್ಲಿತ್ತೆನ್ನಿ. ಮೊದಲನೆಯ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ನು 14 ಸುತ್ತು ಸುತ್ತುವ ಕಾರಿನಲ್ಲಿ ಅದು ಸುಮಾರು 90 ಕಿಲೋ ತೂಕದ ಪ್ರಯಾಣಿಕನನ್ನು ಇಳಿಸಿದ್ದಕ್ಕೆ ಸಮ. ಎಂಜಿನ್ನು ಮೂರೂವರೆ ಸುತ್ತು ಮಾತ್ರ ಸುತ್ತುವ ಮೇಲಿನ ಗೇರಿನಲ್ಲಿಯಾದರೋ 5–6 ಕಿಲೋ ಇಳಿಸಿದಷ್ಟೆ; ಎಂದರೆ ತಾಯಿಯವರ ಕೈಚೀಲವನ್ನು ಮನೆಯಲ್ಲಿ ಬಿಟ್ಟು ಬಂದಷ್ಟು. ಎಂಜಿನ್ನಿನ ಶಕ್ತಿ ಒಂದು ಗುಂಜಿಯೂ ಹೆಚ್ಚುವುದಿಲ್ಲ. ಅದರ ಚುರುಕು ಹೆಚ್ಚುತ್ತದೆ. ಕ್ಷಣಕ್ಷಣಕ್ಕೂ ತಿರುವಿರುವ ಮಣ್ಣುಹಾದಿಯಲ್ಲಿ ಆ ಚುರುಕಿಗೆ ಬೆಲೆಯುಂಟು. ಮಂಡ್ಯ ಮೈಸೂರು ಸೀಮೆಯ ಗಾಡಿ ಓಟಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಓಟದ ಗಾಡಿಯೇ ಬೇರೆ, ಭತ್ತ ಹೇರುವ ಗಾಡಿಯೇ ಬೇರೆ.

ಇನ್ನೊಂದು ಪಕ್ಷವನ್ನು ನಾವು ಕೇಳಿದ್ದು ಮೈಸೂರಿನ ಒಬ್ಬ ವೃದ್ಧ ಮೆಕ್ಯಾನಿಕರಿಂದ. ಯಾದವಗಿರಿಯ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಅಲ್ಲಿಯೇ ದುಡಿದು ಕೈ ಪಳಗಿಸಿಕೊಂಡವರು ಅವರು. ಹಗುರವಾದ ಗಾಲಿ ಹಾಕಿದ ಕಾರು ನಿಂತಲ್ಲಿ ನಡುಗುತ್ತದೆ. ಕ್ಲಚ್ಚು ಬಿಡುವಾಗ ಕಾಲು ಒಂದಿಷ್ಟು ತಪ್ಪಿದರೆ ಆರಿಹೋಗುತ್ತದೆ. ತಂಪುಯಂತ್ರ ಹಾಕಿದರೆ ತೇಕುತ್ತದೆ. ಏರಿನಲ್ಲಿ ಗೇರು ಬದಲಿಸುವಷ್ಟರಲ್ಲಿ ಗತಿ ಕುಸಿಯುತ್ತದೆ. ‘ಓಡಿಸಲಾಗದು ಎನ್ನುತ್ತಿಲ್ಲ, ಓಡಿಸಲು ಯಾವಾಗಲೂ ಎಚ್ಚರವಾಗಿರಬೇಕು, ಅಷ್ಟೆ’ ಎಂದರು. ಹೊಸದನ್ನು ತರಿಸುವ ಖರ್ಚು ತಪ್ಪಿಸಲು ಇರುವ ಗಾಲಿಯನ್ನೇ ಲೇತಿಗೆ ಹಾಕಿ ಕೊರೆಸಿದರೆ ಹೇಗೆ ಎಂದು ತಮ್ಮ ಕೇಳಿದ. ಅದಕ್ಕೆ ಮಾತ್ರ ಅವರು ಕೈಯನ್ನು ಅಡ್ಡವಾಗಿ ಆಡಿಸಿಬಿಟ್ಟರು. ಎರಕದ ಕಬ್ಬಿಣ ಒತ್ತನ್ನು ತಡೆದೀತು, ಸೆಳೆತವನ್ನು ತಡೆಯದು. ಎಲ್ಲೆಂದರಲ್ಲಿ ಕೊರೆದ ಗಾಲಿ ನಿಮಿಷಕ್ಕೆ 6000 ಸುತ್ತಿನಲ್ಲಿ ಒಡೆದರೆ ಚೂರುಗಳು ಕವಚವನ್ನು ಸೀಳಿ ಬರುತ್ತವೆ. ಬಾನೆಟ್ಟಿನ ತಗಡು ಅವಕ್ಕೆ ಲೆಕ್ಕವಿಲ್ಲ. ಹಾಕುವುದಾದರೆ ಹಗುರವಾಗಿಯೇ ರೂಪಿಸಿದ ಉಕ್ಕಿನದನ್ನೋ, ಉಕ್ಕಿನ ಮುಖವಿಟ್ಟ ಅಲ್ಯುಮಿನಿಯಮ್ಮಿನದನ್ನೋ ಹಾಕಬೇಕು, ಇಲ್ಲವೆ ಸುಮ್ಮನಿರಬೇಕು.

ಇಷ್ಟು ಕೇಳಿದ ಮೇಲೆ ನನ್ನ ಶಾಸ್ತ್ರವೂ ನನಗೆ ನೆನಪಾಗದಿರಲಿಲ್ಲ. ಛಂದಸ್ಸನ್ನು ಪಾಠ ಹೇಳುವವನು ಲಘು ಗುರುಗಳ ತೂಕ ಅರಿಯನೆ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಯ ಪಾದಗಳು ಮೂರು ನಾಲ್ಕು ಮಾತ್ರೆಗಳ ಗಣಗಳಲ್ಲಿ ಹರಿಯುತ್ತ ಬಂದು, ಮೂರನೆಯ ಮತ್ತು ಆರನೆಯ ಪಾದಗಳ ಕೊನೆಯಲ್ಲಿ ಒಂದೊಂದು ಗುರುವಿನ ಮೇಲೆ ನಿಲ್ಲುತ್ತವೆ. ಗಮಕಿಯ ಉಸಿರಿಗೆ ಎಡೆ ದೊರೆಯುವುದು ಅಲ್ಲಿ. ಆ ಗುರು ವ್ಯರ್ಥ ಭಾರವೆಂದು ಯಾರೂ ಹೇಳಿಲ್ಲ. ಹಾಗೆಂದು ಗುರುವೇ ಶ್ರೇಷ್ಠ, ಲಘು ಕನಿಷ್ಠ ಎಂದೂ ಯಾವ ಲಾಕ್ಷಣಿಕನೂ ಹೇಳಿಲ್ಲ. ಯಾವ ಪದ್ಯ ಎಂದು ತಿಳಿಯದೆ ಯಾವ ಅಕ್ಷರ ಎಂದು ನಿರ್ಣಯಿಸುವುದು ಸಾಧ್ಯವಿಲ್ಲ.

ಆದ್ದರಿಂದ ತಮ್ಮನಿಗೆ ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ‘ಹಿಂದಿನ ಒಂದು ವರ್ಷದಲ್ಲಿ ಈ ಕಾರು ಎಲ್ಲೆಲ್ಲಿಗೆ ಹೋಯಿತು, ಬರೆದುಕೊಂಡು ಬಾ’ ಎಂದೆ. ಅವನು ಕೋಪಿಸಿಕೊಂಡೇ ಕುಳಿತು ಬರೆದ. ಓಟದ ಬಯಲಿಗೆ ಎರಡು ಬೆಳಗು. ಮಿಕ್ಕದ್ದೆಲ್ಲ ಮೈಸೂರಿನ ಕಚೇರಿ, ಇಲವಾಲದ ವಾಹನಸಂದಣಿ, ಭೇರ್ಯ, ಚುಂಚನಕಟ್ಟೆಯ ಜಾತ್ರೆ, ತಂಗಿಯ ಸೀಮಂತ. ಪಟ್ಟಿಯ ನಡುವೆ ಒಂದು ಸಾಲಿಗೆ ಬಂದಾಗ ಅವನ ಲೇಖನಿ ನಿಂತಿತು. ಆಷಾಢದ ಒಂದು ನಡುರಾತ್ರಿ ತಾಯಿಯವರಿಗೆ ಎದೆ ಹಿಡಿದು ಉಸಿರಾಡಲಾಗದೆ ಹೋದಾಗ, ಸುರಿಯುವ ಮಳೆಯಲ್ಲಿ, ಭೇರ್ಯದಿಂದ ಮೈಸೂರಿಗೆ ಐವತ್ತಕ್ಕೂ ಹೆಚ್ಚು ಕಿಲೋಮೀಟರು ಅವನು ಅದೇ ಕಾರನ್ನು ಓಡಿಸಿಕೊಂಡು ಹೋಗಿದ್ದ. ಕೈ ನಡುಗುತ್ತಿತ್ತು, ಕಾಲೂ ನಡುಗುತ್ತಿತ್ತು. ಕಾರು ಒಂದು ಕಡೆಯೂ ಆರಲಿಲ್ಲ. ಅಂದು ಎಚ್ಚರವಾಗಿರುವಷ್ಟು ಎಚ್ಚರ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ತಮ್ಮ ಆ ಸಾಲಿನ ಕೆಳಗೆ ಗೆರೆಯನ್ನೂ ಎಳೆಯಲಿಲ್ಲ, ಮಾತನ್ನೂ ಆಡಲಿಲ್ಲ. ಮಾರನೆಯ ದಿನ ಮೆಕ್ಯಾನಿಕರಿಗೆ ದೂರವಾಣಿ ಮಾಡಿ, ಇರುವ ಗಾಲಿಯ ಮುಖವನ್ನೇ ನಯಗೊಳಿಸಿ ಹೊಸ ಕ್ಲಚ್ಚು ಕೂರಿಸಿ ಎಂದು ಹೇಳಿದ. ಮುಂದೆಂದಾದರೂ ಓಟಕ್ಕೆಂದೇ ಬೇರೊಂದು ಕಾರು ಕೊಂಡರೆ ಅದಕ್ಕೆ ಹಗುರವಾದದ್ದೇ ಎಂದೂ ಸೇರಿಸಿದ. ನನ್ನ ಆಕ್ಷೇಪಣೆಯಿಲ್ಲ.

ಉಳಿದದ್ದು ಆಲೆಮನೆಯ ಎಂಜಿನ್ನು. ವಿದ್ಯುತ್ತಿನ ಮೋಟಾರು ಬಂದಂದಿನಿಂದ ಅದು ಮೂಲೆ ಸೇರಿತ್ತು. ‘ಇಟ್ಟು ಪೂಜೆ ಮಾಡುವುದಕ್ಕೆ ಅದೇನು ದೇವರೆ? ದುಡಿಯುವವರಿಗೆ ಕೊಡಿ’ ಎಂದರು ತಾಯಿಯವರು. ಸಾಲಿಗ್ರಾಮದ ಕಡೆಯ ರೈತರೊಬ್ಬರು ಗುಜರಿಯವನಿಗಿಂತ ಕಡಿಮೆ ಬೆಲೆಗೆ ಕೇಳಿದರು, ಅವರಿಗೇ ಕೊಟ್ಟೆವು. ಟ್ರಾಕ್ಟರಿಗೆ ಹೇರುವಾಗ ಒಂದೊಂದು ಗಾಲಿಗೂ ನಾಲ್ಕು ಆಳು ಬೇಕಾಯಿತು. ಬಂದ ಹಣದಲ್ಲಿ ಕೊಟ್ಟಿಗೆಯ ಮಾಡಿಗೆ ಹೊಸ ಹೆಂಚು ಹೊದಿಸಿದೆವು. ಅವರ ಗದ್ದೆಯಲ್ಲಿ ಈಗ ಅದು ಕಬ್ಬು ಅರೆಯುತ್ತಿದೆಯಂತೆ. ಹೊರಡಿಸುವಾಗ ಮೊದಲ ನಾಲ್ಕು ಸುತ್ತು ಮಾತ್ರ ಬಹಳ ಸತಾಯಿಸುತ್ತದೆ ಎಂದು ಹೇಳಿಕಳುಹಿಸಿದ್ದಾರೆ.