ಹೆಸರು ಹುಡುಕಿಕೊಂಡು ಕಡಲ ದಂಡೆಗೆ

ಎರಡು ವರ್ಷಗಳ ಹಿಂದಿನ ಮಾತು. ಅಲಿಬಾಗಿನ ಕಡಲ ದಂಡೆಯಲ್ಲಿ ಮರಳ ಮೇಲೆ ಹಬ್ಬಿದ್ದ ಬಳ್ಳಿಯೊಂದನ್ನು ಮಗಳು ತೋರಿಸಿದಳು. ಆಡಿನ ಗೊರಸಿನಂತೆ ನಡುವೆ ಸೀಳಿದ ಎಲೆ, ನೇರಳೆ ಬಣ್ಣದ ಆಲಿಕೆಯಂಥ ಹೂವು. "ಅಮ್ಮಾ, ಇದು ಮರ್ಯಾದವೇಲ್. ಮರಾಠಿ ಟೀಚರ್ ಹೇಳಿಕೊಟ್ಟಿದ್ದರು. ಕನ್ನಡದಲ್ಲಿ ಏನಂತಾರೆ?"

ನನಗೆ ಗೊತ್ತಿರಲಿಲ್ಲ.

"ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದಳು, ಅಲ್ವಾ? ನೀನು ಯಾಕೆ ಕೇಳಿಟ್ಟುಕೊಳ್ಳಲಿಲ್ಲ?"

ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಅಮ್ಮ ಕುಮಟಾ ಕಡೆಯವಳು. ಮದುವೆಯಾಗಿ ಮುಂಬಯಿಗೆ ಬಂದು ನಲವತ್ತು ವರ್ಷ ಚಾಳಿನಲ್ಲಿ, ಆಮೇಲೆ ಫ್ಲಾಟಿನಲ್ಲಿ ಕಳೆದಳು. ದಾದರ್ ಹೂವಿನ ಮಾರುಕಟ್ಟೆಗೆ ಹೋದಾಗಲೆಲ್ಲ ಊರಿನ ಹೂಗಳ ಹೆಸರು ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತ ಲೋಕಲ್ ಗಾಡಿಯ ಸಮಯ ನೋಡುತ್ತಿದ್ದೆ.

ಹೀಗಾಗಿ ಒಂದು ಅಕ್ಟೋಬರ್ ತಿಂಗಳ ಮೊದಲ ವಾರ, ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಒಬ್ಬಳೇ ಹೊರಟೆ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಳ್ಳುವ ಮೊದಲು ನಮಗೆಲ್ಲ ಊರೆಂದರೆ ಬಸ್ಸು, ಘಟ್ಟದ ತಿರುವು, ವಾಂತಿ. ಈಗ ಕುರ್ಲಾದಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಬೆಳಗಿನ ಜಾವ ಕುಮಟಾ. ಅಲ್ಲಿಂದ ಬಸ್ಸಿನಲ್ಲಿ ಗೋಕರ್ಣ. ನನ್ನ ಯೋಜನೆ ಸರಳವಾಗಿತ್ತು: ಗೋಕರ್ಣದಿಂದ ದಕ್ಷಿಣಕ್ಕೆ ಕಡಲ ಪಕ್ಕದಲ್ಲೇ ನಡೆದು, ತದಡಿಯಲ್ಲಿ ಹೊಳೆ ದಾಟಿ, ಅಘನಾಶಿನಿ ಊರು ಸೇರುವುದು.

ಗೋಕರ್ಣದ ರಥಬೀದಿಯಲ್ಲಿ ಬೆಳಿಗ್ಗೆಯೇ ಹೂವಿನ ವ್ಯಾಪಾರ. ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿಯಲ್ಲಿ ಅಬ್ಬಲಿಗೆ ಇಟ್ಟುಕೊಂಡು ಕೂತಿದ್ದರು. ಸಾವಿರಾರು ಗಿಡ ಬೆಳೆಸಿ 'ಕಾಡಿನ ವಿಶ್ವಕೋಶ' ಎನಿಸಿಕೊಂಡ, 2024ರ ಡಿಸೆಂಬರಿನಲ್ಲಿ ತೀರಿಕೊಂಡ ಪದ್ಮಶ್ರೀ ತುಳಸಿ ಗೌಡ ಇದೇ ಸಮುದಾಯದವರು. ಅಂಕೋಲಾ ಬಳಿಯ ಹೊನ್ನಳ್ಳಿಯ ಆಕೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಮ್ಮ ಜಯಂತ ಕಾಯ್ಕಿಣಿಯವರು ಹುಟ್ಟಿದ್ದೂ ಈ ಊರಿನಲ್ಲೇ, 1955ರಲ್ಲಿ. ಆಮೇಲೆ ಬಹುಕಾಲ ಮುಂಬಯಿಯಲ್ಲಿದ್ದು ನಮ್ಮ ಲೋಕಲ್ ಗಾಡಿಗಳ, ಚಾಳುಗಳ ಕತೆ ಬರೆದರು. ಅವರು ಇಲ್ಲಿಂದ ಅಲ್ಲಿಗೆ ಹೋದ ದಾರಿಯನ್ನು ನಾನು ಹಿಂದುಮುಂದಾಗಿ ಹಿಡಿದಿದ್ದೆ.

ಊರ ದಂಡೆಯ ದಕ್ಷಿಣ ತುದಿಯಲ್ಲಿ ರಾಮತೀರ್ಥದ ಬಳಿ ಮೆಟ್ಟಿಲು ಹತ್ತಿದರೆ ಗುಡ್ಡದ ಮೇಲಿನ ಕಾಲುದಾರಿ. ಕೆಳಗೆ ಕಡಲು, ಕಾಲಡಿಯಲ್ಲಿ ಕೆಂಪು ಚಿರೇಕಲ್ಲು. ಬೇಸಿಗೆಯಲ್ಲಿ ಈ ಕಲ್ಲು ಕಾದ ಕಾವಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಮಾತ್ರ ಅದರ ತಗ್ಗುಗಳಲ್ಲಿ ನೀರು ನಿಂತು, ಹುಲ್ಲು ಎದ್ದು, ಹೂವಿನ ಚಾಪೆ ಹಾಸಿದಂತಾಗುತ್ತದೆ. ಬಗ್ಗಿ ನೋಡಿದೆ: ಕಡ್ಡಿಯಷ್ಟು ತೆಳುವಾದ ದಂಟಿನ ಮೇಲೆ ನೀಲಿ-ನೇರಳೆ ಹೂಗಳು. ಮಹಾರಾಷ್ಟ್ರದ ಕಾಸ್ ಪ್ರಸ್ಥಭೂಮಿಗೆ ಹೋದವರು ಇದನ್ನು 'ಸೀತೇಚಿ ಆಸವೆ', ಎಂದರೆ ಸೀತೆಯ ಕಣ್ಣೀರು ಎಂದು ಕೇಳಿರುತ್ತೀರಿ. ಕಣ್ಣೀರಿನ ಹೆಸರು ಹೊತ್ತ ಈ ಗಿಡ ಮಾಂಸಾಹಾರಿ! ಚಿರೇಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಸತ್ವ ಕಡಿಮೆ. ಆದ್ದರಿಂದ ಹಸಿಮಣ್ಣಿನೊಳಗೆ ಪುಟ್ಟ ಪುಟ್ಟ ಚೀಲಗಳನ್ನು ಇಟ್ಟುಕೊಂಡು, ಹತ್ತಿರ ಸುಳಿದ ಸೂಕ್ಷ್ಮ ಜೀವಿಗಳನ್ನು ಒಳಗೆ ಎಳೆದುಕೊಂಡು ಬದುಕುತ್ತದೆ. ಮುಂಬಯಿಯಲ್ಲಿ ಬಾಳುವವರಿಗೆ ಈ ಗಿಡದ ಕಷ್ಟ ಅರ್ಥವಾಗಬೇಕು.

ಕುಡ್ಲೆ ದಂಡೆ ದಾಟಿ ಓಂ ದಂಡೆಯ ದಾರಿ ಹಿಡಿದಾಗ ಬೇಲಿಯಂಚಿನಲ್ಲಿ ತುಂಬೆ ಕಂಡಿತು. ಇದರ ಹೆಸರು ನನಗೆ ಗೊತ್ತಿತ್ತು. ಶಿವನಿಗೆ ಪ್ರಿಯವಾದ ಹೂವೆಂದು ಅಮ್ಮ ಹೇಳಿದ್ದು ನೆನಪಿತ್ತು. ಒಂದನ್ನು ಕಿತ್ತು ಬುಡವನ್ನು ಹೀರಿದೆ. ಒಂದು ಹನಿಗೂ ಕಡಿಮೆ ಜೇನು, ಆದರೂ ಸಿಹಿ. ಅಲ್ಲೇ ಕೆಳಗೆ ಮುಳ್ಳು ಚಾಚಿದ ಕೇದಗೆಯ ಮೆಳೆ. ಬ್ರಹ್ಮನ ಪರವಾಗಿ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಶಿವಪೂಜೆಯಿಂದ ಹೊರಗಾದ ಹೂವು ಅದು. ಶಿವನ ಊರಿನ ಅಂಚಿನಲ್ಲಿ ಪ್ರಿಯನೂ ಬಹಿಷ್ಕೃತನೂ ಹತ್ತಿರ ಹತ್ತಿರವೇ ಬೆಳೆದಿದ್ದಾರೆ.

ಮುಂದೆ ಒಂದು ಪೊದೆಯ ಮೇಲೆ ಬೆಂಕಿಯ ನಾಲಗೆಗಳಂತೆ ಮೇಲಕ್ಕೆ ಚಾಚಿದ ಎಸಳುಗಳು. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕೊಂಬೆಯನ್ನು ಹಿಡಿದುಕೊಂಡಿತ್ತು. ಗೌರಿ ಹೂವು! ಮರಾಠಿ ಗೆಳತಿಯರು ಇದನ್ನು 'ಗೌರೀಚೇ ಹಾತ್' ಎನ್ನುತ್ತಾರೆ; ತಮಿಳುನಾಡಿಗೆ ಇದು ರಾಜ್ಯದ ಹೂವು, 'ಸೆಂಗಾಂದಳ್'. ಚೆಲುವೆಷ್ಟೋ ವಿಷವೂ ಅಷ್ಟೇ, ಗೆಡ್ಡೆಯಂತೂ ಜೀವಕ್ಕೆ ಅಪಾಯ. ಪ್ರತಿ ಗೌರಿ ಹಬ್ಬಕ್ಕೂ ಅಮ್ಮ ಇದನ್ನು ನೆನೆಯುತ್ತಿದ್ದಳು. ನಾನು ಮಾರುಕಟ್ಟೆಯಿಂದ ಸೇವಂತಿಗೆ ತಂದು, "ಇದೂ ಹಳದಿಯೇ ಅಲ್ವಾ" ಎನ್ನುತ್ತಿದ್ದೆ. ಪೊದೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಕೀಳಲಿಲ್ಲ.

ಓಂ ದಂಡೆಯಿಂದ ಹಾಫ್ ಮೂನ್, ಅಲ್ಲಿಂದ ಪ್ಯಾರಡೈಸ್ ದಂಡೆಯವರೆಗಿನ ದಾರಿ ಬಂಡೆಗಳ ನಡುವೆ ಸಾಗುತ್ತದೆ. ಒಂದು ಕಡೆ ಪಾಚಿಯ ಮೇಲೆ ಕಾಲು ಜಾರಿ ಮೊಣಕಾಲು ತರಚಿತು. ಸುತ್ತ ಯಾರೂ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಕೆಳಗೆ ಇನ್ನೂ ಶಾಂತವಾಗದ ಕಡಲು. ಆಗ ನಿಜವಾಗಿ ಹೆದರಿದೆ. ಒಬ್ಬರೇ ಹೋಗುವವರಿಗೆ ಒಂದು ಮಾತು: ಹೊರಡುವ ಮುನ್ನ ತಂಗಿದ ಮನೆಯವರಿಗೆ ದಾರಿಯನ್ನೂ ತಲುಪುವ ಹೊತ್ತನ್ನೂ ಹೇಳಿ ಹೋಗಿ. ನಾನು ಹೇಳಿರಲಿಲ್ಲ.

ಬೇಲೆಕಾನ ದಂಡೆ ತಲುಪಿದಾಗ ಬಿಸಿಲು ಏರುತ್ತಿತ್ತು. ಮರಳಿನ ಮೇಲೆ ಮುಳ್ಳುಚೆಂಡಿನಂಥದೊಂದು ಗಾಳಿಗೆ ಉರುಳಿ ಬಂತು. ಮರಳಿನಲ್ಲಿ ಬೆಳೆಯುವ ಒರಟು ಹುಲ್ಲಿನ ತೆನೆ ಅದು. ತಮಿಳರು ಈ ಹುಲ್ಲನ್ನು 'ರಾವಣನ ಮೀಸೆ' ಎನ್ನುತ್ತಾರೆಂದು ಚೆನ್ನೈಯ ಬಂಧುವೊಬ್ಬರು ಹೇಳಿದ್ದರು. ಆತ್ಮಲಿಂಗವನ್ನು ಕಳೆದುಕೊಂಡ ದಂಡೆಯಲ್ಲಿ ರಾವಣ ಮೀಸೆಯನ್ನೂ ಬಿಟ್ಟು ಹೋದನೇ ಎಂದು ಒಬ್ಬಳೇ ನಕ್ಕೆ. ಅದರ ಆಚೆಗೇ, ನಾನು ಹುಡುಕಿ ಬಂದ ಬಳ್ಳಿ! ತೆಂಗಿನ ತೋಟದ ಅಂಚಿನಿಂದ ಅಲೆಯ ಗುರುತಿನವರೆಗೂ ಹಬ್ಬಿತ್ತು. ಇದರ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ, ಸದ್ಯ ನಾನು ತಡಮಾಡಿರಲಿಲ್ಲ.

ಬೇರು ನೋಡಲೆಂದು ಒಂದು ಎಳೆಯನ್ನು ಎತ್ತಿದೆ. ಹಿಂದಿನಿಂದ ಧ್ವನಿ ಬಂತು: "ಅದ್ನ ಕೀಳ್ಬೇಡ ತಂಗೀ."

ಒಣಗಿದ ತೆಂಗಿನ ಗರಿ ಹೊತ್ತ ಮುದುಕಿ. ಹೊರೆ ಇಳಿಸಿ ಹೇಳಿದಳು: "ಅದು ಹೋದ್ರೆ ಮರಳು ಹೋಗ್ತದೆ. ಮರಳು ಹೋದ್ರೆ ನಮ್ಮನೆ ಹೋಗ್ತದೆ."

ಗಿಣ್ಣು ಗಿಣ್ಣಿಗೂ ಬೇರುಬಿಟ್ಟು ಈ ಬಳ್ಳಿ ಮರಳನ್ನು ಹಿಡಿದಿಡುತ್ತದೆ ಎಂದು ನಾನು ಓದಿದ್ದೆ. ಕಡಲು ಇಲ್ಲಿಗೆ ನಿಲ್ಲಬೇಕು ಎಂದು ಎಲ್ಲೆ ಹಾಕುವುದರಿಂದಲೇ ಮರಾಠಿಯಲ್ಲಿ ಅದು 'ಮರ್ಯಾದೆಯ ಬಳ್ಳಿ'. ಓದಿದ ಅದೇ ಸಂಗತಿ ಅವಳ ಬಾಯಲ್ಲಿ ಮನೆಯ ಮಾತಾಗಿತ್ತು.

"ಇದಕ್ಕೆ ಏನಂತೀರಿ ಅಮ್ಮಾ?"

"ಅಡುಂಬು. ಅಡುಂಬಿನ ಬಳ್ಳಿ. ನಿಂಗೆ ಯಾವೂರು?"

ಮುಂಬಯಿ ಎಂದೆ. ಅಮ್ಮನ ಊರನ್ನೂ ಹೇಳಿದೆ. ಅವಳ ಮುಖ ಅರಳಿತು. "ಹಾಗಾದ್ರೆ ನಮ್ಮ ಕಡೆಯವ್ಳೇ ನೀನು! ನಿನ್ನಮ್ಮ ಹೇಳಿಕೊಡ್ಲಿಲ್ವಾ?"

"ಅವಳು ಹೇಳ್ತಿದ್ದಳು. ನಾನೇ ಕೇಳಿಸಿಕೊಳ್ಳಲಿಲ್ಲ."

ಅವಳು ಏನೂ ಅನ್ನಲಿಲ್ಲ. ನನ್ನ ಮೊಣಕಾಲಿನ ಗಾಯ ನೋಡಿ, ಮನೆಗೆ ಕರೆದು ತೊಳೆಯಲು ನೀರು, ಕುಡಿಯಲು ಬೆಲ್ಲ ಹಾಕಿದ ಚಹಾ ಕೊಟ್ಟಳು. ಅಂಗಳದ ಸುತ್ತಲಿನ ಗಿಡಗಳನ್ನು ತೋರಿಸುತ್ತ ಹೋದಳು, ನಾನು ಬರೆದುಕೊಳ್ಳುತ್ತ ಹೋದೆ.

ತದಡಿಯಲ್ಲಿ ದೋಣಿ ಹತ್ತಿದಾಗ ಇಳಿತದ ಹೊತ್ತು. ಹೊಳೆಯ ಕೆಸರಿನಲ್ಲಿ ಹೆಂಗಸರು ಬೆಳಚು ಆರಿಸುತ್ತಿದ್ದರು, ಅಂಚಿನಲ್ಲಿ ಕಾಂಡ್ಲಾ ಗಿಡಗಳ ಹಸಿರು. ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ಇಲ್ಲಿ ಕಡಲು ಸೇರುತ್ತದೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ನದಿಯ ಹೆಸರಿನ ಅರ್ಥ ಪಾಪ ಕಳೆಯುವವಳು ಎಂದು. ಕೇಳಿಸಿಕೊಳ್ಳದೆ ಹೋದ ಪಾಪವನ್ನೂ ಕಳೆಯುತ್ತಾಳೋ ಇಲ್ಲವೋ, ನನ್ನ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಹೆಸರುಗಳಿದ್ದವು.

ಆಚೆ ದಡದಲ್ಲಿ ಸಿಗ್ನಲ್ ಸಿಕ್ಕಿತು. ಮಗಳಿಗೆ ಫೋನ್ ಮಾಡಿದೆ. "ಅಡುಂಬು" ಎಂದೆ.

"ಏನು?"

"ಮರ್ಯಾದವೇಲ್. ಕನ್ನಡದಲ್ಲಿ ಅಡುಂಬು."

ಅವಳು ಎರಡು ಸಲ ಹೇಳಿ ನೋಡಿದಳು. "ಅಡುಂಬು, ಅಡುಂಬು... ಚೆನ್ನಾಗಿದೆ. ಬೇರೆ ಯಾವುದು ಸಿಕ್ಕಿತು?"

ಗೆಳೆಯರೇ, ನಿಮ್ಮ ಮನೆಯಲ್ಲೂ ಊರಿನ ಗಿಡಬಳ್ಳಿಗಳ ಹೆಸರು ಗೊತ್ತಿರುವ ಅಜ್ಜಿಯೋ ಅಜ್ಜನೋ ಇರಬಹುದು. ಈ ಭಾನುವಾರ ಹತ್ತಿರ ಕೂತು ಕೇಳಿ, ಬರೆದಿಟ್ಟುಕೊಳ್ಳಿ. ಆಮೇಲೆ ಮಳೆ ನಿಂತ ಮೇಲೆ ಒಮ್ಮೆ ಆ ಊರಿಗೆ ಹೋಗಿ, ಆ ಹೆಸರುಗಳು ಅಲ್ಲಿ ಅರಳಿ ನಿಂತಿರುವುದನ್ನು ನೋಡಿ ಬನ್ನಿ. ನನ್ನ ಪಟ್ಟಿಯಲ್ಲಿ ಇನ್ನೂ ಮೂರು ಹೂಗಳ ಮುಂದಿನ ಜಾಗ ಖಾಲಿ ಇದೆ. ಈ ಅಕ್ಟೋಬರಿನಲ್ಲಿ ಮಗಳೂ ಜೊತೆಗೆ ಬರುತ್ತಾಳಂತೆ.