ಪರಿಷೆಯ ಮೂರನೇ ಬೆಳಿಗ್ಗೆ

ನಮ್ಮ ಎನ್.ಆರ್. ಕಾಲೋನಿಯಿಂದ ಕಡ್ಲೇಕಾಯಿ ಪರಿಷೆಗೆ ಹೋಗೋವ್ರಲ್ಲಿ ಎರಡು ಥರ ಕಣ್ರೇ. ಕಡೇ ಕಾರ್ತಿಕ ಸೋಮವಾರ ಸಂಜೆ ನೂಕುನುಗ್ಗಲಲ್ಲಿ ಹೋಗಿ, ದೊಡ್ಡ ಬಸವಣ್ಣಂಗೆ ಕೈಮುಗಿದು, ಒಂದು ಸೇರು ಕಟ್ಟಿಸ್ಕೊಂಡು ಬರೋವ್ರು ಒಂದು. ಎಲ್ಲಾ ಮುಗಿದ ಮೇಲೆ ಬೆಳಗಿನ ಜಾವ ಖಾಲಿ ಬ್ಯಾಗ್ ಹಿಡ್ಕೊಂಡು ಹೋಗೋವ್ರು ಇನ್ನೊಂದು. ನಮ್ಮತ್ತೆ ಎರಡನೇ ಪೈಕಿ. ಉಳಿದ ಮೂಟೆ ವಾಪಸ್ ಊರಿಗೆ ಹೊತ್ಕೊಂಡು ಹೋಗೋ ಬದಲು ಬಂದಷ್ಟಕ್ಕೆ ಕೊಟ್ಟುಬಿಡ್ತಾರೆ ಅಂತ ಅವರ ಲೆಕ್ಕ. ಚೌಕಾಸಿ ಅವರದು, ಬ್ಯಾಗ್ ಹೊರೋದು ನನ್ನದು. ಮದುವೆಯಾಗಿ ಬಂದಾಗಿಂದ ಹೀಗೇ.

2024ರಲ್ಲಿ ಪರಿಷೆ ನವೆಂಬರ್ 25ಕ್ಕೆ ಬಿತ್ತು. ಅಷ್ಟು ಹೊತ್ತಿಗೆ ಅತ್ತೆಗೆ ಮಂಡಿ ಹಿಡ್ಕೊಂಡು ಮೆಟ್ಟಿಲು ಇಳಿಯೋದೇ ಕಷ್ಟ ಆಗಿತ್ತು. ಕಿವಿಯೂ ಮಂದ. ಸೋಮವಾರ ನಮ್ಮನೇಲಿ ಒಪ್ಪತ್ತು. ರಾತ್ರಿಗೆ ಪ್ರತಿ ವರ್ಷದ ಅಡುಗೆನೇ: ಹಸಿ ಕಡ್ಲೇಬೀಜ, ಬದನೇಕಾಯಿ ಹಾಕಿ ಹುಳಿ, ಒಂದು ಕೋಸಂಬರಿ, ಹೆಸರುಬೇಳೆ ಪಾಯಸ. ಸಂಜೆಗೆ ಬೇಯಿಸಿದ ಕಡ್ಲೇಕಾಯಿ. ಇದರಲ್ಲಿ ಒಂದು ಗುಟ್ಟಿದೆ. ಕಾಯಿ ನಾಲ್ಕು ಸಲ ತೊಳೆದು, ನೀರು ಉಪ್ಪುಪ್ಪಾಗಿ ಇರೋ ಹಾಗೆ ಕಲ್ಲುಪ್ಪು ಹಾಕಿ ನಾಲ್ಕು ವಿಷಲ್ ಕೂಗಿಸಿ. ಆಮೇಲೆ ಬಸೀಬೇಡಿ. ಅದೇ ನೀರಲ್ಲಿ ಒಂದು ಗಂಟೆ ಬಿಟ್ರೇನೇ ಉಪ್ಪು ಸಿಪ್ಪೆ ದಾಟಿ ಬೀಜಕ್ಕೆ ಹಿಡಿಯೋದು.

ಅವತ್ತು ರಾತ್ರಿ ನ್ಯೂಜೆರ್ಸಿಯಿಂದ ಮಗಳ ಫೋನು. ಅಲ್ಲಿ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಮಾರನೇ ದಿನ ಬ್ಲ್ಯಾಕ್ ಫ್ರೈಡೇ, ನಸುಕಿನಲ್ಲೇ ಅಂಗಡಿ ಮುಂದೆ ಹೋಗಿ ನಿಂತ್ಕೊಳ್ತೀವಿ ಅಂದಳು. ‘ಸುಗ್ಗಿಗೆ ದೇವರಿಗೊಂದು ನಮಸ್ಕಾರ, ಮಾರನೇ ದಿನ ಸೋವಿ ರೇಟು, ನಿಮ್ಮಜ್ಜಿ ಇಷ್ಟು ವರ್ಷ ಮಾಡ್ತಿದ್ದಿದ್ದೂ ಇದನ್ನೇ’ ಅಂದೆ. ಗದ್ದೆ ಮೇಯ್ತಿದ್ದ ಬಸವಂಗೆ ಮೊದಲ ಬೆಳೆ ಕೊಡ್ತೀವಿ ಅಂತ ಸುಂಕೇನಹಳ್ಳಿ ಕಡೆ ರೈತರು ಹರಕೆ ಹೊತ್ತ ಕಥೆ ಅವಳಿಗೆ ಬಾಯಿಪಾಠ. ಆ ಕಡ್ಲೇಕಾಯಿ ಮೂಲದಲ್ಲಿ ದಕ್ಷಿಣ ಅಮೆರಿಕದ್ದು ಅಂತ ಅವಳೇ ನಂಗೆ ತಿರುಗಿಸಿ ಹೇಳಿದಳು.

ಬುಧವಾರ ಐದೂವರೆಗೆ ನಾನೊಬ್ಬಳೇ ಎದ್ದು ಹೊರಟೆ. ಅತ್ತೆಗೆ ಹೇಳಲಿಲ್ಲ. ಮಲಗಿದ್ರು ಅಂತ ಆಮೇಲೆ ನೆಪ ಹೇಳಿದೆ. ನಿಜ ಏನಂದ್ರೆ, ಒಂದ್ಸಲ ಚೌಕಾಸಿ ನಾನೇ ಮಾಡ್ಬೇಕು ಅಂತಿತ್ತು. ಮೇಲ್ಮನೆಯವರು ಹಿಂದಿನ ದಿನವೇ ತಮಗೂ ಐದು ಸೇರು ತರೋಕೆ ದುಡ್ಡು ಕೊಟ್ಟಿದ್ರು.

ಬುಲ್ ಟೆಂಪಲ್ ರಸ್ತೆ ತುಂಬ ಸಿಪ್ಪೆ, ಪೌರಕಾರ್ಮಿಕರು ಗುಡಿಸ್ತಿದ್ರು. ಫುಟ್‌ಪಾತಲ್ಲಿ ಅಲ್ಲಲ್ಲಿ ಮೂಟೆ ಒರಗಿಕೊಂಡು ಮಲಗಿದ್ದವರು. ಚಿಂತಾಮಣಿ ಕಡೆ ಹೆಂಗಸೊಬ್ಬರು ಸೇರಿಗೆ ಐವತ್ತು ಅಂದ್ರು. ನಾನು ಇಪ್ಪತ್ತೈದು. ಎದ್ದು ಹೋಗೋ ಹಾಗೆ ಮಾಡಿದೆ, ಕರೆದ್ರು, ಮೂವತ್ತಕ್ಕೆ ನಿಂತ್ತು. ಹದಿನೈದು ಸೇರು! ಅಳೆಯುವಾಗ ಆಯಮ್ಮ ಹೇಳಿದ್ರು, ‘ಇದು ಹಸೀದು ಕಣಮ್ಮ, ಬೇಯಿಸ್ಕೊಳ್ಳಿ, ಇಲ್ಲಾಂದ್ರೆ ಬಿಸಿಲಿಗೆ ಹಾಕಿ.’ ನಾನು ಗೆದ್ದ ಗತ್ತಲ್ಲಿ ಹೂಂ ಅಂದೆ.

ಟೆರೇಸ್ ಮೇಲೆ ಹಳೇ ಪಂಚೆ ಹಾಸಿ ಹರವಿದೆ. ಶನಿವಾರ ಫೆಂಗಲ್ ಚಂಡಮಾರುತ ಪುದುಚೇರಿ ಹತ್ರ ದಡ ಸೇರ್ತು, ಭಾನುವಾರ ಇಲ್ಲಿ ಮೋಡ, ಜಡಿಮಳೆ, ಚಳಿ. ಅರ್ಧಂಬರ್ಧ ಒಣಗಿದ್ದನ್ನ ಗೋಣಿಗೆ ತುಂಬಿ, ಬಾಯಿ ಕಟ್ಟಿ ಅಡುಗೆಮನೆ ಮೂಲೇಲಿಟ್ಟೆ. ಅದೇ ತಪ್ಪು. ಬಾಯಿ ಕಟ್ಟಬಾರದಿತ್ತು, ಫ್ಯಾನ್ ಕೆಳಗೆ ಹರವಬೇಕಿತ್ತು. ಬುಧವಾರ ಬಿಚ್ಚಿದ್ರೆ ಗಮಟು ವಾಸನೆ, ಸಿಪ್ಪೆ ಮೇಲೆ ಹಸಿರು ಬೂಷ್ಟು.

ಅತ್ತೆಗೆ ಹೇಳಲೇಬೇಕಾಯ್ತು. ಬೈಲಿಲ್ಲ. ಬೈದಿದ್ರೇ ವಾಸಿ ಇತ್ತು. ‘ಆಟೋ ಮಾಡಿದ್ರೆ ನಾನೂ ಬರ್ತಿದ್ದೆ ಕಣೇ’ ಅಂದ್ರು, ಅಷ್ಟೇ. ಆಮೇಲೆ ಮೊರ ತರಿಸಿ, ಕುರ್ಚಿ ಮೇಲೆ ಕೂತು ಆರಿಸೋಕೆ ಶುರು ಮಾಡಿದ್ರು. ಮೇಲೆ ಒರೆಸಿ ಹುರಿದುಬಿಟ್ರೆ ಹೋಗಲ್ವಾ ಅಂತ ನಾನು ಆಸೆಪಟ್ಟೆ. ಹೋಗಲ್ಲ ಕಣ್ರೇ, ನೀವೂ ಹಾಗೆ ಮಾಡ್ಬೇಡಿ. ಬೂಷ್ಟು ಹಿಡಿದ ಕಡ್ಲೇಬೀಜದಲ್ಲಿ ಅಫ್ಲಟಾಕ್ಸಿನ್ ಅನ್ನೋ ವಿಷ ಇರಬಹುದು, ಲಿವರ್‌ಗೆ ಕೆಟ್ಟದ್ದು, ಹುರಿದ್ರೂ ಪೂರ್ತಿ ಹೋಗಲ್ಲ. ದನಕ್ಕೂ ಹಾಕಬಾರದು. ಅಂತೂ ಹದಿಮೂರು ಸೇರು ಕಸಕ್ಕೆ ಹೋಯ್ತು. ಗೋಣಿಗೆ ಹಿಡಿಯದೆ ತಂತಿ ಬುಟ್ಟೀಲಿ ಉಳಿದಿದ್ದ ಎರಡು ಸೇರು ಮಾತ್ರ ಒಣಗಿ ಚೆನ್ನಾಗಿತ್ತು.

ಮೇಲ್ಮನೆಯವರಿಗೆ ನೂರೈವತ್ತು ರೂಪಾಯಿ ವಾಪಸ್ ಕೊಡೋಕೆ ಹೋದಾಗ ಮುಖ ಎತ್ತಿ ಮಾತಾಡೋಕೆ ಆಗಲಿಲ್ಲ. ಅತ್ತೆ ಒಳ್ಳೇ ಬೀಜ ಹುರಿಸಿ, ಬೆಲ್ಲದ ಪಾಕ ನೀರಿಗೆ ಹಾಕಿದ್ರೆ ಗಟ್ಟಿ ಉಂಡೆ ಆಗೋವರೆಗೂ ಪಕ್ಕದಲ್ಲೇ ಕೂತು, ಉಂಡೆ ಕಟ್ಟಿಸಿ, ಮೊದಲ ಡಬ್ಬಿ ಅವರ ಮನೆಗೇ ಕಳಿಸಿದ್ರು.

ಕೊನೇಗೆ ಒಂದು ಹಿಡಿ ಕಾಯಿ ಉಳಿಸ್ಕೊಂಡು, ಒಂದೊಂದೇ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಿದ್ರು. ಒಣಗಿದ್ರೆ ಒಳಗೆ ಬೀಜ ಗಲಗಲ ಅನ್ನುತ್ತೆ, ಹಸಿ ಇದ್ರೆ ಸದ್ದಿಲ್ಲ. ಅಷ್ಟು ವರ್ಷ ಮೂಟೆ ಮುಂದೆ ನಿಂತು ಅವರು ಮಾಡ್ತಿದ್ದಿದ್ದು ಅದನ್ನೇ, ನಾನು ಬ್ಯಾಗ್ ಬಾಯಿ ತೆಕ್ಕೊಂಡು ನಿಂತಿರ್ತಿದ್ದೆ. ಮೂರು ನಾಲ್ಕು ಸಲ ಅಲ್ಲಾಡಿಸಿ, ಕೈ ಚಾಚಿ ನನ್ನ ಕಿವಿ ಹತ್ರ ತಂದ್ರು.

‘ಅಂತಾ ಇದ್ಯಾ ನೋಡು?’

ಅಂತಿತ್ತು. ಹೂಂ ಅಂದೆ. ಪಕ್ಕಕ್ಕಿಟ್ಟು ಇನ್ನೊಂದು ತಗೊಂಡ್ರು.