ಅಪ್ಪನ ಕಾಲು ಮತ್ತು ನನ್ನ ಮೇಷ್ಟ್ರುಗಿರಿ

ಈ ಸಲ ಶಾಲೆಯ ಸುದ್ದಿ ಅಲ್ಲ, ಮನೆಯ ಸುದ್ದಿ. ಬರೆಯಲು ನಾಚಿಕೆಯಾಗುತ್ತದೆ. ಆದರೆ ನಮ್ಮ ಮತ್ತಿಗಿರಿ ಕಡೆ ಸಕ್ಕರೆ ಕಾಯಿಲೆಯ ಹಿರಿಯರಿರುವ ಮನೆಗಳು ಬಹಳ. ಅದಕ್ಕೇ ಬರೆಯುತ್ತಿದ್ದೇನೆ.

2021ರ ಆಗಸ್ಟ್‌ನಲ್ಲಿ ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಶುರುವಾಯಿತಲ್ಲ, ಅಪ್ಪನಿಗೆ ಸಕ್ಕರೆ ಮಾತ್ರೆ ಆಮೇಲಿಂದ ಮನೆಗೇ ಬರುತ್ತದೆ. ಮಾತ್ರೆ ಬಂತು, ಆದರೆ ಪಾದ ನೋಡುವವರು ಯಾರು? ಬಹಳ ವರ್ಷ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಜೋಮು ಹಿಡಿಯುತ್ತವೆ, ರಕ್ತದ ಓಡಾಟವೂ ಕಡಿಮೆಯಾಗುತ್ತದೆ. ಹೊಲದಲ್ಲಿ ಮುಳ್ಳು ಚುಚ್ಚಿದ್ದು ಅಪ್ಪನಿಗೆ ಗೊತ್ತೇ ಆಗಲಿಲ್ಲ. ಅಮ್ಮ ನೋಡುವಷ್ಟರಲ್ಲಿ ಬೆರಳ ಸಂದಿಯಲ್ಲಿ ಕೀವು.

ಔಷಧಿ ಚೀಟಿ ಇಂಗ್ಲಿಷಿನಲ್ಲಿ, ಅಪ್ಪ ಓದಬಲ್ಲದ್ದು ಕನ್ನಡ ಮಾತ್ರ. ಹಾಗಾಗಿ ಮನೆಗೆ ನಾನೇ ಡಾಕ್ಟರು! ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ಮಾತ್ರೆ ತಂದೆ. ಮೂರು ದಿನಕ್ಕೆ ಕೀವು ಇಳಿಯಿತು, ನಿಲ್ಲಿಸಿದೆ. ಮತ್ತೆ ಬಂತು, ಮತ್ತೆ ತಂದೆ. “ನೀನು ಓದಿದವನು, ನೀನು ಹೇಳಿದ ಹಾಗೇ ಆಗಲಿ ಬಿಡಪ್ಪ” ಅಂದರು ಅಪ್ಪ.

ಬೆರಳು ಕಪ್ಪಾಗಿ ಜ್ವರ ಬಂದ ಮೇಲೆ ಆಸ್ಪತ್ರೆಗೆ ಓಡಿದೆವು. ಗಾಯ ತೊಳೆದು, ಆಳದಿಂದ ಒಂದು ಚೂರು ತೆಗೆದು ಕಲ್ಚರ್ ಪರೀಕ್ಷೆಗೆ ಕಳಿಸಿದರು. ಕೆಲವು ದಿನದಲ್ಲಿ ಬಂದ ರಿಪೋರ್ಟು ಮಾರ್ಕ್ಸ್ ಕಾರ್ಡಿನಂತೆಯೇ ಇತ್ತು. ಎರಡು ಬ್ಯಾಕ್ಟೀರಿಯಾ: ಚರ್ಮದ ಮೇಲೆ, ಮೂಗಿನಲ್ಲಿ ಇರುವ ಸ್ಟೆಫೈಲೋಕಾಕಸ್, ಕರುಳಿನಲ್ಲಿ ಇರುವ ಇ. ಕೋಲೈ. ಒಂದೊಂದು ಔಷಧದ ಮುಂದೆ ಒಂದು ಅಕ್ಷರ. ‘ಎಸ್’ ಅಂದರೆ ಆ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ, ‘ಆರ್’ ಅಂದರೆ ಬಗ್ಗುವುದಿಲ್ಲ. ನಾನು ಕೊಟ್ಟ ಮಾತ್ರೆಯ ಮುಂದೆ ಎರಡು ಕಡೆಯೂ ‘ಆರ್’.

ನನ್ನಿಂದಲೇ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲ. ಅರೆಬರೆ ಔಷಧಕ್ಕೆ ಬಡಕಲು ಬ್ಯಾಕ್ಟೀರಿಯಾ ಸಾಯುತ್ತವೆ, ಗಟ್ಟಿಯವು ಉಳಿದು ಸಂತಾನ ಬೆಳೆಸುತ್ತವೆ ಎಂದರು, ಅಷ್ಟೇ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಇದೇ ಎಚ್ಚರಿಕೆ ಕೊಟ್ಟಿದ್ದರು. ಫ್ಲೆಮಿಂಗ್ ಹೆಸರನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವವನು ನಾನು!

ಔಷಧ ಬದಲಾಯಿತು. ಪಾದ ಉಳಿಯಿತು, ಎರಡು ಬೆರಳು ಹೋದವು. ಅಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಈಗ ನನ್ನ ತರಗತಿಯ ಮಕ್ಕಳಿಗೆ ಒಂದು ಹೋಂವರ್ಕ್ ಇದೆ. ರಾತ್ರಿ ಮಲಗುವ ಮುಂಚೆ ಅಜ್ಜ-ಅಜ್ಜಿಯ ಪಾದ, ಬೆರಳ ಸಂದಿ ನೋಡಬೇಕು. ಗಾಯವಿದ್ದರೆ ಮೆಡಿಕಲ್ ಶಾಪಿಗಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಮನೆಯಲ್ಲಿ ಹೇಳಬೇಕು. ನೀವೂ ನಿಮ್ಮ ಶಾಲೆಯಲ್ಲಿ ಈ ಹೋಂವರ್ಕ್ ಕೊಡಿ ಮೇಷ್ಟ್ರೇ.